ವರ್ಮೀರ್ ಚಿತ್ರ ನಕಲು ಮಾಡಿ ಆಯಿಲ್ ಪೇಂಟಿಂಗ್ ಕಲಿಯಬಹುದಾ? ಡೊಂಬಿವಲಿ ಅಕ್ಕನಿಗೆ ಉತ್ತರ

ಅಕ್ಕ, ಆಯಿಲ್ ಈಗಷ್ಟೇ ಶುರು ಮಾಡಿದ್ದೀರಿ, ಹದಿನೇಳನೇ ಶತಮಾನದ ಡಚ್ ಕಲಾವಿದ ವರ್ಮೀರ್‌ನ ‘ದಿ ಆರ್ಟ್ ಆಫ್ ಪೇಂಟಿಂಗ್’ ನಕಲು ಮಾಡುವ ಆಸೆ, ಕ್ಲಾಸಿನಲ್ಲಿ ಮಾತ್ರ ‘ಅದು ಕಷ್ಟ, ಹೂದಾನಿ ಮಾಡಿ’ ಅಂದರು ಅಂತ ಬರೆದಿದ್ದೀರಿ. ನಾನು ಹೇಳೋದು, ಧೈರ್ಯವಾಗಿ ಮಾಡಿ. ಒಂದೇ ಚಿತ್ರದ ಮುಂದೆ ತಿಂಗಳುಗಟ್ಟಲೆ ಕೂರಬೇಕು. ಇಷ್ಟವಿಲ್ಲದ ಹೂದಾನಿ ಮುಂದೆ ಅದು ಆಗಲ್ಲ.

ಒಬ್ಬ ಕಲಾವಿದ ತನ್ನ ಕೋಣೆಯಲ್ಲಿ, ಎಲೆ ಕಿರೀಟ ತೊಟ್ಟು ನಿಂತ ಹುಡುಗಿಯನ್ನು ನೋಡಿ ಚಿತ್ರ ಬಿಡಿಸುತ್ತಿರುವ ದೃಶ್ಯ ಇದು. ಹಾಗಾಗಿ ಚಿತ್ರದೊಳಗೇ ಪಾಠವೂ ಇದೆ. ನಮಗೆ ಬೆನ್ನು ಹಾಕಿ ಕೂತ ಕಲಾವಿದನ ಈಸೆಲ್, ಅಂದರೆ ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡ್, ಜೂಮ್ ಮಾಡಿ ನೋಡಿ. ಕ್ಯಾನ್ವಾಸಿಗೆ ಮೊದಲೇ ಮಾಸಲು ಬಣ್ಣ ಬಳಿದಿದೆ. ಅದರ ಮೇಲೆ ಬಿಳಿ ಗೆರೆಯಲ್ಲಿ ಹುಡುಗಿಯ ಆಕಾರ, ಕಿರೀಟದ ಎಲೆಗಳಿಗೆ ಆಗಲೇ ಬಣ್ಣ. ಕೈಯನ್ನು ಒಂದು ಕೋಲಿನ ಮೇಲೆ ಊರಿದ್ದಾನೆ. ನೀವೂ ತೆಳ್ಳನೆಯ ಬಿದಿರು ಕೋಲಿನ ತುದಿಗೆ ಬಟ್ಟೆ ಸುತ್ತಿ ಇಟ್ಟುಕೊಳ್ಳಿ. ಹಸಿ ಬಣ್ಣಕ್ಕೆ ಅಂಗೈ ತಾಗುವುದಿಲ್ಲ.

ಮೂಲ ಚಿತ್ರ ಇರೋದು ವಿಯೆನ್ನಾದಲ್ಲಿ, 120 ಸೆಂ.ಮೀ. ಎತ್ತರ, 100 ಸೆಂ.ಮೀ. ಅಗಲ. 24 x 20 ಇಂಚಿನ ಕ್ಯಾನ್ವಾಸ್ ತಗೊಳ್ಳಿ, ಪ್ರಮಾಣ ಸರಿಯಾಗಿ ಕೂರುತ್ತದೆ. 2 ಇಂಚಿನ ಚೌಕ ಹಾಕಿದರೆ ಒಂದೊಂದು ಚೌಕ ಮೂಲದ 10 ಸೆಂ.ಮೀ.ಗೆ ಸಮ. ಗೋಡೆಗೆ ತೂಗುಹಾಕಿದ ಭೂಪಟದ ಕೆಳಗಿನ ಕೋಲಿನ ಹತ್ತಿರ, ಹುಡುಗಿಯ ಮುಂದೆ, ವರ್ಮೀರ್ ಸೂಜಿ ಚುಚ್ಚಿದ ತೂತು ಸಿಕ್ಕಿದೆ. ಪರ್ಸ್ಪೆಕ್ಟಿವ್ ಗೆರೆಗಳೆಲ್ಲ, ಅಂದರೆ ಕೋಣೆಗೆ ಆಳ ತೋರಿಸುವ ಗೆರೆಗಳೆಲ್ಲ, ಸೇರುವ ಬಿಂದು ಅದು. ನೀವೂ ಅಲ್ಲೇ ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣ ಸವರಿದ ದಾರ ಕಟ್ಟಿ, ಬಡಗಿಗಳು ಮಾಡುವ ಹಾಗೆ ಎಳೆದು ಬಿಡಿ, ಗೆರೆ ಮೂಡುತ್ತದೆ. ನೆಲದ ಕಲ್ಲುಗಳು ಮಾತ್ರ ಓರೆಯಾಗಿವೆ. ಅವುಗಳ ಬಿಂದು ಅದೇ ಎತ್ತರದಲ್ಲಿ ಕ್ಯಾನ್ವಾಸಿನ ಎರಡೂ ಬದಿಗೆ, ಹೊರಗೆ ಬರುತ್ತದೆ. ಅದಕ್ಕೇ ಕ್ಯಾನ್ವಾಸನ್ನು ದೊಡ್ಡ ಪ್ಲೈವುಡ್ ಮೇಲೆ ಇಟ್ಟು ಗೆರೆ ಹಾಕಿ.

ಆಮೇಲೆ ಬಣ್ಣಕ್ಕೆ ಅವಸರ ಬೇಡ. ಬರ್ನ್ಟ್ ಅಂಬರ್‌ಗೆ ಸ್ವಲ್ಪ ಟರ್ಪೆಂಟೈನ್ ಸೇರಿಸಿ ಇಡೀ ಚಿತ್ರವನ್ನು ಕಂದು ಬಣ್ಣದಲ್ಲೇ ಮಾಡಿ. ಬೆಳಕು ಬೇಕಾದ ಕಡೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಚಿತ್ರದ ಮುಂಭಾಗದಲ್ಲಿ ಎಡಕ್ಕೆ ಒಂದು ದೊಡ್ಡ ಪರದೆ ಇದೆ, ಕಿಟಕಿ ಅದರ ಹಿಂದೆ ಅಡಗಿದೆ, ಬೆಳಕು ಎಡದಿಂದ ಬಂದು ಹುಡುಗಿ ಮತ್ತು ಗೋಡೆಯ ಮೇಲೆ ಬೀಳುತ್ತದೆ. ಮುಂದಿನ ಪರದೆ ಕಪ್ಪಾಗಿದ್ದರೇ ಕೋಣೆಗೆ ಆಳ ಬರೋದು. ಪರದೆಯ ನೂಲು ಎಣಿಸುತ್ತಾ ಕೂರಬೇಡಿ. ದೊಡ್ಡ ನೆರಳು ಮೊದಲು, ಮೇಲಿನ ಚುಕ್ಕಿಗಳು ಕಟ್ಟಕಡೆಗೆ. ಹಿತ್ತಾಳೆ ದೀಪಗೊಂಚಲನ್ನು ಬೇರೆ ಚಿಕ್ಕ ಬೋರ್ಡಿನಲ್ಲಿ ಒಮ್ಮೆ ಮಾಡಿ ನೋಡಿ.

ಆ ಹುಡುಗಿ ಕ್ಲಿಯೋ, ಗ್ರೀಕ್ ಪುರಾಣದ ಇತಿಹಾಸ ದೇವತೆ. ಎಲೆ ಕಿರೀಟ, ತುತ್ತೂರಿ, ಪುಸ್ತಕ, ಈ ಮೂರರಿಂದಲೇ ಅವಳ ಗುರುತು. ಸಮಯ ಜಾಸ್ತಿ ಇಲ್ಲಿ ಕೊಡಿ. ನೀಲಿ ಬಟ್ಟೆಗೆ ವರ್ಮೀರ್ ಬಳಸುತ್ತಿದ್ದ, ಕಲ್ಲು ಅರೆದು ಮಾಡಿದ ನೀಲಿ ನಮಗೆ ದುಬಾರಿ, ಅಂಗಡಿಯ ಅಲ್ಟ್ರಾಮರೀನ್ ಸಾಕು.

ಮುಂಬೈ ಮಳೆಗಾಲದಲ್ಲಿ ಆಯಿಲ್ ಬೇಗ ಒಣಗಲ್ಲ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಇದು ತಪ್ಪಿದರೆ ಬಿರುಕು ಬಿಡುತ್ತದೆ. ಲಿನ್ಸೀಡ್ (ಅಗಸೆ) ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಕಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನೀರಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಿ.

ಒಂದು ಭಾನುವಾರ ಮುಂಬೈ ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಟಾಟಾ ಕುಟುಂಬ ಕೊಟ್ಟ ಯುರೋಪಿನ ಆಯಿಲ್ ಚಿತ್ರಗಳು ಅಲ್ಲಿವೆ. ಪಕ್ಕದಿಂದ ನೋಡಿ, ಬಣ್ಣ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಕಾಣುತ್ತದೆ. ಫೋಟೋದಲ್ಲಿ ಅದು ಸಿಗಲ್ಲ, ಅಲ್ವಾ.

ಕಂದು ಹಂತ ಮುಗಿದ ಮೇಲೆ ಕಪ್ಪು ಬಿಳುಪು ಫೋಟೋ ತೆಗೆದು ಇಲ್ಲಿ ಹಾಕಿ. ಬಣ್ಣ ಹಚ್ಚುವ ಮೊದಲು ಮೂಲದ ಪಕ್ಕ ಇಟ್ಟು ಎಲ್ಲರೂ ನೋಡೋಣ.