ಬಾಗಿಲ ತನಕ ಹೋಗಿ ವಾಪಸ್ ಬಂದವರಿಗೆ

ಹೆಸರು ಬೇಡ ಎಂದಿರುವ ಓದುಗರೊಬ್ಬರ ಕಾಗದದ ಸಾರ: "ವಯಸ್ಸು 41, ಮೆಡಿಕಲ್ ಶಾಪ್ ಇದೆ. ಆಸ್ಪತ್ರೆಯಲ್ಲಿದ್ದು ಬಂದೆ. ಕುಡಿತ ಬಿಟ್ಟು 26 ದಿನ. ಡಾಕ್ಟರು, ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಮೀಟಿಂಗಿಗೆ ಹೋಗಿ ಅಂದರು. ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ. ಒಳಗೆ ನನ್ನ ಗಿರಾಕಿಗಳೇ ಇದ್ದರೆ? ಅದು ನಡೆಯುವುದು ಚರ್ಚಿನ ಆವರಣದಲ್ಲಿ. ಅಮ್ಮನಿಗೆ ಅದೇ ಭಯ. ಅಲ್ಲಿ ಹೋಗಿ ಏನು ಮಾತಾಡೋದು? ಬರೀ ಮಾತಿನಿಂದ ಏನಾಗತ್ತೆ?"

ಸಂಪಾದಕರ ಉತ್ತರ:

ಎರಡು ಸಲ ಹೋಗಿದ್ದೀರಲ್ಲ, ದಾರಿಯಂತೂ ಗೊತ್ತಾಗಿದೆ.

ಗಿರಾಕಿ ಇದ್ದರೆ ಅಂತ ಕೇಳಿದ್ದೀರಿ. ಇರಬಹುದು. ಆದರೆ ಅವರೂ ಅಲ್ಲಿಗೆ ಬಂದಿದ್ದು ಕುಡಿತದ ಕಾಟಕ್ಕೇ ಅಲ್ವಾ? ನಿಮ್ಮನ್ನು ನೋಡಿ ಅವರಿಗೂ ಅಷ್ಟೇ ಗಾಬರಿ ಆಗುತ್ತದೆ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಪಕ್ಕದ ಊರಿನ ಗುಂಪಿಗೆ ಬಸ್ಸು ಹತ್ತಿ. ಇಂಥದೇ ಗುಂಪಿಗೆ ಹೋಗಬೇಕು ಅಂತ ಯಾರೂ ಕಟ್ಟಿಹಾಕುವುದಿಲ್ಲ. ಆನ್‌ಲೈನ್ ಮೀಟಿಂಗೂ ಇವೆ. ಆದರೆ ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವುದೂ, ಪಕ್ಕದವರು ಟೀ ಲೋಟ ಕೈಗಿಡುವುದೂ ಒಂದೇ ಅಲ್ಲ.

ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಗೆಳೆಯನೊಬ್ಬನ ಜೊತೆ ನಾನೂ ಹೋಗಿದ್ದೆ. ಅದು 'ಓಪನ್' ಮೀಟಿಂಗು, ಅಂದರೆ ಮನೆಯವರು, ಸ್ನೇಹಿತರು ಕೂರಬಹುದು. 'ಕ್ಲೋಸ್ಡ್' ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಅಲ್ಲಿ ಕೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕುರ್ಚಿಯ ಬಗ್ಗೆ ಬರೆಯಬಹುದು. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಫ್ಲಾಸ್ಕು, ಗೋಡೆಗೆ 'ಹನ್ನೆರಡು ಮೆಟ್ಟಿಲುಗಳ' ಪಟ್ಟಿ, ಅಂದರೆ ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹಂತಗಳು. ಹಾಜರಿ ಪುಸ್ತಕ ಇರಲಿಲ್ಲ, ಊರು, ಜಾತಿ, ಸಂಬಳ ಯಾರೂ ಕೇಳಲಿಲ್ಲ. ಒಬ್ಬೊಬ್ಬರೇ ಹೆಸರು ಹೇಳಿ ತಮ್ಮ ಕಥೆ ಹೇಳಿದರು. ನಡುವೆ ಯಾರೂ ಬುದ್ಧಿ ಹೇಳಲಿಲ್ಲ. ನಮ್ಮ ಮನೆಗಳಲ್ಲಿ ಇದು ನಡೆಯುತ್ತಾ ಹೇಳಿ! ಗೆಳೆಯನ ಸರದಿ ಬಂದಾಗ "ಇವತ್ತು ಸುಮ್ನೆ ಕೇಳ್ತೀನಿ" ಅಂದ. "ಆಯ್ತು" ಅಂದರು, ಪಕ್ಕದವರು ಶುರು ಮಾಡಿದರು. ನೀವೂ ಅಷ್ಟೇ ಹೇಳಿದರೆ ಸಾಕು. ಕೊನೆಗೆ ಕಾಣಿಕೆಗೆ ಒಂದು ಡಬ್ಬಿ ಬರುತ್ತದೆ, ಹಾಕಲೇಬೇಕು ಅಂತಿಲ್ಲ. ಫೀಸು, ಚಂದಾ ಏನೂ ಇಲ್ಲ. ಕುಡಿತ ಬಿಡುವ ಆಸೆ ಇರಬೇಕು, ಸದಸ್ಯರಾಗಲು ಅದೊಂದೇ ಷರತ್ತು.

ಇನ್ನು ಅಮ್ಮನ ಭಯ. ಚರ್ಚಿನವರು ಕೊಟ್ಟಿರುವುದು ಜಾಗ ಮಾತ್ರ. ಎ.ಎ. ಯಾವ ಧರ್ಮಕ್ಕೂ ಸೇರಿಲ್ಲ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ ನಿಜ, ಆದರೆ 'ನಾವು ಅರಿತುಕೊಂಡಂತೆ' ಅನ್ನುವ ಮಾತೂ ಜೊತೆಗಿದೆ. ನಿಮ್ಮ ಮನೆದೇವರೇ ಆಗಬಹುದು. ನಾಸ್ತಿಕರೂ ಬರುತ್ತಾರೆ. ಅಮ್ಮ ಒಪ್ಪಲೇ ಇಲ್ಲವಾ? ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿ ಹೊರಬಂದವರು ಮತ್ತೆ ಜಾರದಂತೆ ಒಬ್ಬರಿಗೊಬ್ಬರು ಆಸರೆಯಾಗಲು 'ನವಜೀವನ ಸಮಿತಿ' ಅಂತ ಇದೆ. ಆ ಹೆಸರು ಕೇಳಿದರೆ ಅಮ್ಮನೇ ನಿಮ್ಮನ್ನು ಬಸ್ಸು ಹತ್ತಿಸಬಹುದು.

'ಬರೀ ಮಾತು' ಅಂದಿರಲ್ಲ, ಎ.ಎ. ಶುರುವಾಗಿದ್ದೇ ಒಂದು ಫೋನ್ ಕರೆಯಿಂದ. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಷೇರು ವ್ಯವಹಾರದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟಿತ್ತು. ಹೋಟೆಲಿನಲ್ಲಿ ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಅವರು ಫೋನು ಹಿಡಿದರು. ಮಾತಾಡಲು ಇನ್ನೊಬ್ಬ ಕುಡುಕ ಬೇಕಿತ್ತು. ಸಿಕ್ಕಿದವರು ಸರ್ಜನ್ ಡಾ. ಬಾಬ್ ಸ್ಮಿತ್. ಕಾಲು ಗಂಟೆ ಮಾತ್ರ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಬಿಲ್ ಹೋಗಿದ್ದು ಆ ಡಾಕ್ಟರನ್ನು ಉದ್ಧಾರ ಮಾಡಲು ಅಲ್ಲ, ತಾನು ಕುಡಿಯದೆ ಉಳಿಯಲು. ನನಗೆ ಇದೇ ಮುಖ್ಯ ಅನಿಸುತ್ತದೆ. ನಿನ್ನೆಯಷ್ಟೇ ಬಿಟ್ಟವನೊಬ್ಬ ಅಲ್ಲಿಗೆ ಬಂದರೆ, ಅವನ ಕಣ್ಣಿಗೆ ನಿಮ್ಮ 26 ದಿನ ದೊಡ್ಡ ಆಸ್ತಿ.

ಲೆಕ್ಕ ಬೇಕಾದರೆ ಅದೂ ಇದೆ. 10,000ಕ್ಕೂ ಜಾಸ್ತಿ ಜನರ ಮೇಲಿನ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವಿಮರ್ಶೆಯೊಂದು 2020ರಲ್ಲಿ ಬಂತು, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯದು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಕ್ರಮಬದ್ಧವಾಗಿ ಎ.ಎ. ಕಡೆಗೆ ಒಯ್ಯುವ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮುಂದಿತ್ತು. ಹಾಗಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಇದು ಅದರ ಜೊತೆಗೆ.

ಇದನ್ನು ಓದಿ ಉಳಿದವರು ಯಾರಾದರೂ ನಾಳೆಯೇ ಬಿಡ್ತೀನಿ ಅಂತ ಹೊರಟರೆ ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈ ನಡುಕ ಮಾತ್ರವಲ್ಲ, ಫಿಟ್ಸು, ಭ್ರಮೆ ಬರಬಹುದು, ಜೀವಕ್ಕೇ ಅಪಾಯ. ಮೊದಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಹತ್ತಿರದ ಗುಂಪು ಎಲ್ಲಿದೆ ಅಂತ ಅಲ್ಲೇ ಕೇಳಿ. 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ.

ಮುಂದಿನ ತಿಂಗಳು ತಮ್ಮನ ಮದುವೆ, ಹಿಂದಿನ ರಾತ್ರಿ ಹುಡುಗರ 'ಎಣ್ಣೆ ಪಾರ್ಟಿ' ಇರತ್ತೆ ಅಂತಲೂ ಬರೆದಿದ್ದೀರಿ. ಅದಕ್ಕೆ ಮೊದಲೇ ಮೂರ್ನಾಲ್ಕು ಮೀಟಿಂಗ್ ಆಗಲಿ. ಬಿಟ್ಟು ವರ್ಷಗಳಾದ, ನಿಮಗೆ ಹಿಡಿಸಿದ ಒಬ್ಬರನ್ನು ಸ್ಪಾನ್ಸರ್ (ಜೊತೆಗಿದ್ದು ದಾರಿ ತೋರುವ ಹಳೆಯ ಸದಸ್ಯರು) ಆಗ್ತೀರಾ ಅಂತ ಕೇಳಿ, ನಂಬರ್ ತಗೊಳ್ಳಿ. ಆ ರಾತ್ರಿ ಊಟ ಮುಗಿಸಿ ಬೇಗ ಹೊರಡಿ. ಯಾರಾದರೂ "ಒಂದೇ ಪೆಗ್ಗು" ಅಂತ ಹಿಡಿದುಕೊಂಡರೆ ಹೊರಗೆ ಬಂದು ಆ ನಂಬರಿಗೆ ಫೋನ್ ಮಾಡಿ. ಹೊತ್ತು ನೋಡಬೇಡಿ. ಅಂಥ ಹೊತ್ತಿನಲ್ಲಿ ಅವರೂ ಒಮ್ಮೆ ಯಾರಿಗೋ ಫೋನ್ ಮಾಡಿದವರೇ.