ತೋಟ ಅಡವಿಡುವ ಮುಂಚೆ

ಆಕೆಗೆ 28 ವರ್ಷ, ಊರು ಮಲೆನಾಡಿನ ಕಡೆ. ಎಂಪಿಟಿ (ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮುಂದಿನ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ಮೊದಲ ದಿನ ಒಂದು ಫೈಲ್ ತಂದಿದ್ದರು. ಅದರಲ್ಲಿ ವಿದೇಶದ ಓದಿಗೆ ಕಳಿಸುವ ಏಜೆಂಟರು ಕೊಟ್ಟ ಅಮೆರಿಕದ ಎಂಟು ವಿಶ್ವವಿದ್ಯಾಲಯಗಳ ಪಟ್ಟಿ ಇತ್ತು. ಜೊತೆಗೆ 40 ಲಕ್ಷದ ಸಾಲದ ಅರ್ಜಿ, ಅಡಿಕೆ ತೋಟದ ಪಹಣಿ.

"ಕಿನಿಸಿಯಾಲಜಿಯಲ್ಲಿ ಪಿಎಚ್‌ಡಿ ಮಾಡ್ಬೇಕು ಮೇಡಂ. ಅಪ್ಪ ಸೈನ್ ಹಾಕೋಕೆ ರೆಡಿ. ನನಗೇ ನಿದ್ದೆ ಬರ್ತಿಲ್ಲ."

ಕಿನಿಸಿಯಾಲಜಿ ಎಂದರೆ ದೇಹದ ಚಲನೆಯ ಅಧ್ಯಯನ. ಯಾಕೆ ಪಿಎಚ್‌ಡಿ ಎಂದು ಕೇಳಿದೆ. ಸ್ಕೋಪ್ ಇದೆ ಎಂದರು. ಸ್ವಲ್ಪ ಹೊತ್ತಾದ ಮೇಲೆ ಬೇರೆ ಮಾತು ಬಂತು. ಅಜ್ಜಿ ಊರಿಗೆಲ್ಲ "ನಮ್ಮ ಮೊಮ್ಮಗಳು ಡಾಕ್ಟರು" ಎಂದು ಹೇಳಿಕೊಂಡು ಬರುತ್ತಾರೆ. ಒಂದು ಮದುವೆ ಮನೆಯಲ್ಲಿ ಯಾರೋ "ಕೈಕಾಲು ತಿಕ್ಕೋ ಕೆಲಸ ಅಲ್ವಾ?" ಎಂದರಂತೆ. ಹೇಳುತ್ತಾ ಅತ್ತರು. ಆ ನೋವು ಸಣ್ಣದಲ್ಲ, ಸುಮ್ನೆ ಕೇಳಿಸಿಕೊಂಡೆ. ಆದರೆ ಆ ನೋವೊಂದನ್ನೇ ನೆಚ್ಚಿಕೊಂಡು ಐದು ವರ್ಷ ಲ್ಯಾಬಿನಲ್ಲಿ ಕೂರಲು ಆಗುವುದಿಲ್ಲ ಎಂದೂ ನನಗೆ ಅನಿಸಿತು.

ಎರಡನೇ ಸಲ ಬಂದಾಗ ಡಿಗ್ರಿಯ ಮಾತು ಎತ್ತಲಿಲ್ಲ. "ಕೆಲಸದಲ್ಲಿ ನಿಮ್ಮನ್ನು ಜಾಸ್ತಿ ಕಾಡುವುದು ಏನು?" ಎಂದು ಕೇಳಿದೆ. ತಕ್ಷಣ ನೆಟ್ಟಗೆ ಕೂತರು. ಮುಂದಿನ ಅರ್ಧ ಗಂಟೆ ಮಾತಾಡಿದ್ದು ಅವರೇ.

ಖೋಖೋ, ಕಬಡ್ಡಿ ಆಡುವ ಹುಡುಗಿಯರು ಮೊಣಕಾಲಿನ ಎಸಿಎಲ್ (ಕೀಲಿನ ಮೂಳೆಗಳನ್ನು ಹಿಡಿದಿಡುವ ಒಳಗಿನ ಕಟ್ಟು) ಹರಿದುಕೊಂಡು ಬರುತ್ತಾರೆ. ಆಪರೇಷನ್, ತಿಂಗಳುಗಟ್ಟಲೆ ವ್ಯಾಯಾಮ, ಮತ್ತೆ ಅಂಗಳ. ಕೆಲವರು ಇನ್ನೊಂದು ಕಾಲಿಗೂ ಅದನ್ನೇ ಮಾಡಿಕೊಂಡು ವಾಪಸ್ ಬರುತ್ತಾರೆ. "ಎಷ್ಟೋ ಸಲ ಯಾರೂ ತಳ್ಳಿರೋದೇ ಇಲ್ಲ ಮೇಡಂ. ಓಡ್ತಾ ತಿರುಗಿರ್ತಾರೆ ಅಷ್ಟೇ. ಕಾಲು ಊರೋ ರೀತಿಯಲ್ಲೇ ಏನೋ ಇದೆ. ನಮ್ಮಲ್ಲಿ ಅದನ್ನ ಅಳೆಯೋಕೆ ಆಗಲ್ಲ."

ಅದನ್ನು ಅಳೆಯುವ ವಿದ್ಯೆಯೇ ಕಿನಿಸಿಯಾಲಜಿ, ಅದರಲ್ಲೂ ಚಲನೆಯ ಹಿಂದಿನ ಬಲಗಳನ್ನು ಓದುವ ಬಯೋಮೆಕಾನಿಕ್ಸ್. ನೆಲಕ್ಕೆ ಕೂರಿಸಿದ ಫೋರ್ಸ್ ಪ್ಲೇಟ್ ಪಾದ ಎಷ್ಟು ಬಲದಿಂದ ಊರಿತು ಎಂದು ಹೇಳುತ್ತದೆ. ಸುತ್ತಲಿನ ಕ್ಯಾಮೆರಾಗಳು ಕೀಲಿನ ಕೋನ ಹಿಡಿಯುತ್ತವೆ. ಚರ್ಮಕ್ಕೆ ಅಂಟಿಸಿದ ಇಎಂಜಿ ಎಲೆಕ್ಟ್ರೋಡು ಯಾವ ಸ್ನಾಯು ಯಾವಾಗ ಎಚ್ಚರವಾಯಿತು ಎಂದು ತೋರಿಸುತ್ತದೆ. ಅವರ ಕೈಯಲ್ಲಿ ಇದ್ದದ್ದು ನಿಜವಾದ ಸಂಶೋಧನೆಯ ಪ್ರಶ್ನೆ. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಆಮೇಲೆ ಪಟ್ಟಿ ತೆಗೆದೆವು. ಎಂಟರಲ್ಲಿ ಆರು ಪಿಎಚ್‌ಡಿಯೇ ಅಲ್ಲ, ಎಂಎಸ್ ಎಂಬ ಸ್ನಾತಕೋತ್ತರ ಕೋರ್ಸುಗಳು! "ಮೊದಲು ಇದು, ಆಮೇಲೆ ಪಿಎಚ್‌ಡಿ" ಎಂದು ಏಜೆಂಟರು ಹೇಳಿದ್ದರಂತೆ. 40 ಲಕ್ಷ ಅದಕ್ಕೇ. ನನಗೆ ಬೇಜಾರಾಯಿತು.

ನಾನು ಕೊಟ್ಟ ಸಲಹೆ ಇಷ್ಟು. ಸಾಲಕ್ಕೆ ಈಗ ಸೈನ್ ಬೇಡ. ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಪಾಠ ಮಾಡುತ್ತಾರೆ, ಇಲ್ಲವೇ ಲ್ಯಾಬಿನ ಪ್ರಾಜೆಕ್ಟಿನಲ್ಲಿ ದುಡಿಯುತ್ತಾರೆ. ಅದಕ್ಕೆ ಬದಲಾಗಿ ಫೀಸು ಮಾಫಿ, ತಿಂಗಳಿಗೆ ಸ್ಟೈಪೆಂಡ್. ಸೀಟು ಬಂದರೆ ಬೇಸಿಗೆ ರಜೆಯಲ್ಲೂ ಹಣ ಬರುತ್ತದಾ, ಆರೋಗ್ಯ ವಿಮೆ ಇದೆಯಾ ಎಂದು ಕೇಳಿಯೇ ಒಪ್ಪಿಕೊಳ್ಳಿ.

ವಿಶ್ವವಿದ್ಯಾಲಯ ಹುಡುಕಬೇಡಿ, ಗೈಡ್ ಹುಡುಕಿ. ಮೊಣಕಾಲಿನ ಗಾಯದ ಮೇಲೆ ಕೆಲಸ ಮಾಡುವವರ ಪೇಪರ್ ಓದಿ, ಚಿಕ್ಕ ಮೇಲ್ ಬರೆಯಿರಿ. ಹೊಗಳಿಕೆ ಬೇಡ, ಖೋಖೋ ಕಂಬದ ಹತ್ತಿರದ ಆ ತಿರುವಿನ ಬಗ್ಗೆ ಬರೆಯಿರಿ. ಅರ್ಜಿಯ ಕೊನೆ ದಿನ ಹೆಚ್ಚಾಗಿ ಡಿಸೆಂಬರ್, ಜನವರಿ. ಹಾಗಾಗಿ ಆಗಸ್ಟಿನಲ್ಲೇ ಶುರು ಮಾಡಿ. ಪಟ್ಟಿಯಲ್ಲಿ ಕೆನಡಾ ಇರಲೇ ಇಲ್ಲ. ಕಿನಿಸಿಯಾಲಜಿಗೆಂದೇ 1967ರಲ್ಲಿ ವಿಭಾಗ ತೆರೆದ ವಾಟರ್ಲೂ ವಿಶ್ವವಿದ್ಯಾಲಯ ಇರುವುದು ಅಲ್ಲೇ.

ಇಲ್ಲೂ ದಾರಿ ಇದೆ. ಮಣಿಪಾಲದಲ್ಲಿ ಫಿಸಿಯೋಥೆರಪಿಯಲ್ಲೇ ಪಿಎಚ್‌ಡಿ ಮಾಡಬಹುದು. ದೈಹಿಕ ಶಿಕ್ಷಣದ ಕಡೆ ಹೋಗುವುದಾದರೆ ಎಂಪಿಟಿ ಓದಿದವರನ್ನು ತೆಗೆದುಕೊಳ್ಳುತ್ತಾರಾ ಎಂದು ಆಯಾ ವಿಶ್ವವಿದ್ಯಾಲಯದಿಂದ ಬರಹದಲ್ಲೇ ಉತ್ತರ ಪಡೆಯಿರಿ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಅದರ 30ರ ವಯೋಮಿತಿಯಲ್ಲಿ ಹೆಂಗಸರಿಗೆ ಐದು ವರ್ಷ ಸಡಿಲಿಕೆ ಇದೆ. "ವಯಸ್ಸಾಯ್ತು" ಎನ್ನುವ ಮಾತನ್ನು ಮನೆಯವರು ಎತ್ತಿದಾಗ ಇದನ್ನು ಹೇಳಿ.

ಇನ್ನೊಂದು ಮಾತು ಹೇಳಲೇಬೇಕಿತ್ತು. ಪಿಎಚ್‌ಡಿ ಆದರೆ ಹೆಸರಿನ ಹಿಂದೆ ಡಾಕ್ಟರ್ ಬರುತ್ತದೆ. ಆದರೆ ಅದರಿಂದ ಅಮೆರಿಕದಲ್ಲಿ ರೋಗಿಯನ್ನು ಮುಟ್ಟುವ ಲೈಸೆನ್ಸ್ ಬರುವುದಿಲ್ಲ, ಅದಕ್ಕೆ ಬೇರೆಯೇ ದಾರಿ. ರೋಗಿಗಳನ್ನು ಬಿಟ್ಟು ಇರಬಲ್ಲಿರಾ ಎಂದು ಕೇಳಿದೆ. ಉತ್ತರಕ್ಕೆ ಒಂದು ವಾರ ತೆಗೆದುಕೊಂಡರು. "ಐದು ವರ್ಷ ಇರಬಲ್ಲೆ. ಆಮೇಲೆ ಆ ಹುಡುಗಿಯರ ಹತ್ರಾನೇ ವಾಪಸ್ ಬರ್ಬೇಕು."

ನಾಲ್ಕು ತಿಂಗಳ ಮೇಲೆ ಫೋನ್ ಮಾಡಿದರು. ಹನ್ನೊಂದು ಮೇಲ್ ಕಳಿಸಿದ್ದರು. ಏಳಕ್ಕೆ ಉತ್ತರವೇ ಇಲ್ಲ. ಮೂವರು ಈ ವರ್ಷ ಹಣ ಇಲ್ಲ ಎಂದರು. ಕೆನಡಾದ ಒಬ್ಬರು ವಿಡಿಯೋದಲ್ಲಿ ಮಾತಾಡೋಣ ಎಂದಿದ್ದಾರೆ. ಪಹಣಿ ಅಪ್ಪನ ಬೀರುವಿಗೆ ಮರಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಖೋಖೋ ಹುಡುಗಿಯರ ಮೊಣಕಾಲು ಅಂದ್ಯಲ್ಲ, ನಮ್ಮೂರ ಹೈಸ್ಕೂಲ್ ಪಿ.ಟಿ. ಮೇಷ್ಟ್ರನ್ನ ಮಾತಾಡಿಸ್ಲಾ?" ಎಂದರಂತೆ. ಬರುವ ಭಾನುವಾರ ಆಕೆ ಊರಿಗೆ ಹೋಗುತ್ತಿದ್ದಾರೆ, ಕಂಬ ಸುತ್ತುವ ಕಾಲುಗಳನ್ನು ಮೊಬೈಲಿನಲ್ಲಿ ಹಿಡಿಯಲು.