ಶಾಲೆಯ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ಸೇರಲೋ ಬೇಡವೋ?

ಪ್ರಶ್ನೆ: ನನಗೆ 29 ವರ್ಷ. ಬಿ.ಕಾಂ. ಆದ ಮೇಲೆ ಮದುವೆ, ಮಗು ಅಂತ ಮನೆಯಲ್ಲೇ ಉಳಿದೆ. ಮಗಳು ಈಗ ಯುಕೆಜಿ. ಹತ್ತಿರದ ಖಾಸಗಿ ಪ್ರೌಢಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಕರೆದಿದ್ದಾರೆ, ಸಂಬಳ 11 ಸಾವಿರ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಇಡಬೇಕಂತೆ. ಯಜಮಾನರು 'ಅದರ ಬದಲು ಸರ್ಕಾರಿ ಕೆಲಸಕ್ಕೆ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರ) ಪರೀಕ್ಷೆಗೆ ಓದು' ಅಂತಾರೆ. ಅತ್ತೆಯವರು 'ಟೀಚರ್ ಆದ್ರೆ ಮರ್ಯಾದೆ, ಗುಮಾಸ್ತೆ ಕೆಲಸ ಯಾಕೆ' ಅಂತಾರೆ. ಕಂಪ್ಯೂಟರ್ ಮುಟ್ಟಿ ವರ್ಷಗಳೇ ಆದವು, ಭಯವಿದೆ. ಏನು ಮಾಡಲಿ?
– ಹೆಸರು ಬೇಡ, ರಾಣೇಬೆನ್ನೂರು

ಉತ್ತರ: ಸೇರಿಕೊಳ್ಳಿ. ಆದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ. ಒಂದು ಸಲ ತೋರಿಸಿ, ಜೆರಾಕ್ಸ್‌ಗೆ ಸಹಿ ಹಾಕಿ ಕೊಡಿ, ಸಾಕು. ನಾಳೆ ಬೇರೆ ಕಡೆ ಕೆಲಸ ಸಿಕ್ಕಾಗ, ಸರ್ಕಾರಿ ನೇಮಕಾತಿಯಲ್ಲಿ ದಾಖಲೆ ಪರಿಶೀಲನೆಗೆ ಕರೆದಾಗ, ನಿಮ್ಮದೇ ಕಾಗದಕ್ಕೆ ನೀವು ಇನ್ನೊಬ್ಬರ ಮುಂದೆ ಕೈ ಚಾಚಿ ನಿಲ್ಲಬಾರದು. 'ಎಲ್ಲರೂ ಕೊಟ್ಟಿದ್ದಾರೆ' ಅಂತ ಹೇಳುತ್ತಾರೆ, ಹೇಳಲಿ. ಅದೊಂದೇ ಕಾರಣಕ್ಕೆ ಕೆಲಸ ಇಲ್ಲ ಅಂದರೆ ಆ ಶಾಲೆ ನಿಮಗೆ ಬೇಡ.

ಯಜಮಾನರ ಮಾತು ತಪ್ಪಲ್ಲ. ಎಸ್‌ಡಿಎಗೆ ಪಿಯುಸಿ, ಎಫ್‌ಡಿಎಗೆ ಡಿಗ್ರಿ ಸಾಕು, ನಿಮಗೆ ಎರಡಕ್ಕೂ ಅರ್ಹತೆ ಇದೆ. ಆದರೆ ಅಧಿಸೂಚನೆ ಯಾವಾಗ ಬರುತ್ತದೆ, ಬಂದ ಮೇಲೆ ನೇಮಕಾತಿ ಎಷ್ಟು ವರ್ಷ ಎಳೆಯುತ್ತದೆ ಅನ್ನೋದು ಯಾರ ಕೈಯಲ್ಲೂ ಇಲ್ಲ. ಓದುತ್ತಾ ಕಾಯುವುದಕ್ಕಿಂತ ಕೆಲಸ ಮಾಡುತ್ತಾ ಓದುವುದು ಮೇಲು. ಟಪಾಲು, ರಿಜಿಸ್ಟರ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸುತ್ತೋಲೆ, ಅದಕ್ಕೆ ಉತ್ತರ ಬರೆಯುವುದು, ಇದೆಲ್ಲ ಅಲ್ಲೇ ರೂಢಿಯಾಗುತ್ತದೆ.

ಇನ್ನು ಅತ್ತೆಯವರ ಮಾತು. ಇದಕ್ಕೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ಕೆಲಸವನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ, ನನಗದು ನಿಜಕ್ಕೂ ಬೇಸರ. ಒಂದು ಮಗುವಿನ ದಾಖಲಾತಿ ಅಂದರೆ ಏನು ಅಂದುಕೊಂಡಿದ್ದೀರಿ? ಜನನ ಪ್ರಮಾಣಪತ್ರದಲ್ಲಿ 'ಮಂಜುನಾಥ ಎಚ್' ಅಂತಿರುತ್ತದೆ, ಆಧಾರ್‌ನಲ್ಲಿ 'ಮಂಜುನಾಥ ಹನುಮಂತಪ್ಪ ತಳವಾರ', ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಇನ್ನೊಂದು ಥರ. ಇದನ್ನೆಲ್ಲ ಎದುರಿಗಿಟ್ಟುಕೊಂಡು ದಾಖಲಾತಿ ಪುಸ್ತಕದಲ್ಲಿ, ವಿದ್ಯಾರ್ಥಿಗಳ ವಿವರ ಇಡುವ ಶಿಕ್ಷಣ ಇಲಾಖೆಯ ಪೋರ್ಟಲ್ ಎಸ್‌ಎಟಿಎಸ್‌ನಲ್ಲಿ ಸರಿಯಾದ ಹೆಸರು, ಸರಿಯಾದ ಹುಟ್ಟಿದ ತಾರೀಕು ಏರಿಸುವವರು ಆಫೀಸಿನಲ್ಲಿ ಕೂತವರೇ. ಅಲ್ಲಿ ಏರಿಸಿದ್ದೇ ಮುಂದೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿಗೆ ಹೋಗುತ್ತದೆ, ಅದೇ ಜೀವನಪೂರ್ತಿ ವಯಸ್ಸಿನ ದಾಖಲೆ. ಒಂದಕ್ಷರ ತಪ್ಪಿದರೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ, ಕೂಲಿಗೆ ಹೋಗುವ ಅಪ್ಪ ಒಂದು ದಿನದ ಕೂಲಿ ಬಿಟ್ಟು ಶಾಲೆಗೆ ಬರುತ್ತಾನೆ, ಅಲ್ಲಿಂದ ನಾಡಕಚೇರಿಗೆ, ಮತ್ತೆ ಶಾಲೆಗೆ. ಆ ಅಲೆದಾಟ ತಪ್ಪಿಸುವವರು ನೀವು. ಎಂಟ್ರಿ ಆದ ಮೇಲೆ ಪ್ರಿಂಟ್ ತೆಗೆದು ತಂದೆತಾಯಿಗೆ ಓದಿ ಹೇಳಿ, ಸಹಿ ಮಾಡಿಸಿಕೊಳ್ಳಿ. ಓದಲು ಬಾರದವರಿಗೆ ನಿಧಾನವಾಗಿ ಎರಡು ಸಲ ಓದಿ. ಅತ್ತೆಯವರಿಗೂ ಇದನ್ನೇ ಹೇಳಿ ನೋಡಿ.

ಕಂಪ್ಯೂಟರ್ ಭಯ ಬಿಡಿ. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಎಕ್ಸೆಲ್‌ನಲ್ಲಿ ಒಂದಿಷ್ಟು ಲೆಕ್ಕ, ಶುರುವಿಗೆ ಅಷ್ಟು ಸಾಕು. ಬಿ.ಕಾಂ. ಓದಿದವರಿಗೆ ಕ್ಯಾಶ್ ಬುಕ್ ಹೊಸದೇನಲ್ಲ. ಊರಲ್ಲಿ ಟೈಪಿಂಗ್ ಕ್ಲಾಸ್ ಇದ್ದರೆ ಕನ್ನಡ ಜೂನಿಯರ್ ಪರೀಕ್ಷೆ ಕಟ್ಟಿ, ಪ್ರಮಾಣಪತ್ರವೂ ಕೈಗೆ ಬರುತ್ತದೆ. ಪೋರ್ಟಲ್‌ಗಳನ್ನು ಅಲ್ಲಿ ಈಗಾಗಲೇ ಇರುವವರ ಪಕ್ಕ ಕೂತೇ ಕಲಿಯಬೇಕು, ಬೇರೆ ದಾರಿಯಿಲ್ಲ. ಲಾಗಿನ್ ಪಾಸ್‌ವರ್ಡ್ ಮಾತ್ರ ಯಾರಿಗೂ ಕೊಡಬೇಡಿ.

ದುಡ್ಡಿನ ವಿಷಯದಲ್ಲಿ ಗಟ್ಟಿಯಾಗಿರಿ. ರಸೀದಿ ಹರಿಯದೆ ಒಂದು ರೂಪಾಯಿ ಫೀಸೂ ತಗೊಳ್ಳಬೇಡಿ, ಯಾರೇ ಹೇಳಲಿ. ಸಂಜೆ ಕ್ಯಾಶ್ ಎಣಿಸಿ, ಪುಸ್ತಕಕ್ಕೆ ಬರೆದು, ಮುಖ್ಯೋಪಾಧ್ಯಾಯರ ಸಹಿ ಪಡೆದೇ ಹೊರಡಿ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಮೊದಲು ಬೆರಳು ತೋರಿಸುವುದು ಹೊಸಬರ ಕಡೆಗೇ, ಅಲ್ವಾ?

11 ಸಾವಿರ ಕಡಿಮೆಯೇ. ಸುಮ್ನೆ ಒಪ್ಪಬೇಡಿ. ನೇಮಕಾತಿ ಪತ್ರ ಕೊಡ್ತೀರಾ, ಸಂಬಳ ಬ್ಯಾಂಕಿಗೆ ಹಾಕ್ತೀರಾ, ಏಪ್ರಿಲ್-ಮೇ ಸಂಬಳ ಇದೆಯಾ, ಅಂತ ಸೇರುವ ಮೊದಲೇ ಕೇಳಿ. 20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಪಿಎಫ್ ಕಾಯ್ದೆ ಅನ್ವಯಿಸುತ್ತದೆ, ಅದನ್ನೂ ಕೇಳಿ. ಕೇಳಿದರೆ ಕೆಲಸ ತಪ್ಪಿಹೋಗುತ್ತದೆ ಅಂತ ಹೆದರಬೇಡಿ, ಲೆಕ್ಕ ಗೊತ್ತಿರುವವರು ಅವರಿಗೂ ಬೇಕು.

ಒಂದು ಮಾತನ್ನು ಯಜಮಾನರ ಜೊತೆ ಮೊದಲೇ ಆಡಿ ಮುಗಿಸಿ. ಶಿಕ್ಷಕರಿಗೆ ಬೇಸಿಗೆ ರಜೆ ಇರುತ್ತದೆ, ಆಫೀಸಿಗೆ ಇರಲ್ಲ. ಮೇ, ಜೂನ್‌ನಲ್ಲಿ ಅಡ್ಮಿಷನ್, ಟಿಸಿ ಅಂತ ಕತ್ತಲಾಗುವವರೆಗೂ ಕೂರಬೇಕಾಗಬಹುದು. ಆ ದಿನಗಳಲ್ಲಿ ಮಗಳನ್ನು ನೋಡಿಕೊಳ್ಳುವವರು ಯಾರು, ರಾತ್ರಿ ನೀವು ಪರೀಕ್ಷೆಗೆ ಓದುವ ಹೊತ್ತಿಗೆ ಅಡುಗೆಮನೆ ಯಾರದ್ದು ಅಂತ ಈಗಲೇ ಕೇಳಿ. ಓದು ಅಂತ ಹೇಳಿದವರು ಅವರೇ ತಾನೇ, ಅದಕ್ಕೆ ಸಮಯ ಮಾಡಿಕೊಡುವುದರಲ್ಲಿ ಅವರ ಪಾಲೂ ಇದೆ.